ಬಿಡಿಸಬಾರದ ಅಂಟು

ದೊಡ್ಡಪ್ಪನ ಪ್ಯಾಥಾಲಜಿ ರಿಪೋರ್ಟನ್ನು ಮನೆಯಲ್ಲಿ ಮೊದಲು ಓದಿದ್ದು ನಾನು. ದೊಡ್ಡಕರುಳಿನ ಗೆಡ್ಡೆ ಮೂತ್ರಕೋಶಕ್ಕೆ ಅಂಟಿಕೊಂಡಿತ್ತು; ಸರ್ಜನ್ ಮೂತ್ರಕೋಶದ ಆ ಭಾಗವನ್ನೂ ಸೇರಿಸಿಯೇ ತೆಗೆದಿದ್ದರು. ಆದರೆ ಆ ತುಂಡಿನಲ್ಲಿ ಕ್ಯಾನ್ಸರ್ ಇಲ್ಲ, ಬರೀ ಉರಿಯೂತ ಎಂದಿತ್ತು ರಿಪೋರ್ಟು.

“ಹಾಗಾದ್ರೆ ಸುಮ್ಮನೆ ಕುಯ್ದ್ರಾ?” ಎಂದರು ದೊಡ್ಡಮ್ಮ. ವೈದ್ಯಕೀಯ ಚರಿತ್ರೆಯಲ್ಲಿ ಪಿಎಚ್.ಡಿ. ಮಾಡುತ್ತಿರುವ ನನ್ನ ಬಳಿ ಉತ್ತರವಿರಲಿಲ್ಲ.

ಹುಡುಕುತ್ತ ಹೋದಾಗ ಸಿಕ್ಕಿದ್ದು 1948ರ ಒಂದು ಪ್ರಬಂಧ. ನ್ಯೂಯಾರ್ಕಿನ ಮೆಮೋರಿಯಲ್ ಆಸ್ಪತ್ರೆಯ ಅಲೆಕ್ಸಾಂಡರ್ ಬ್ರನ್ಸ್‌ವಿಗ್, ಕಿಬ್ಬೊಟ್ಟೆಯಲ್ಲಿ ಕ್ಯಾನ್ಸರ್ ಹಬ್ಬಿ ಬೇರೆ ದಾರಿ ಉಳಿಯದ 22 ರೋಗಿಗಳಿಗೆ ಗುದನಾಳ, ಮೂತ್ರಕೋಶ, ಜನನಾಂಗಗಳನ್ನೆಲ್ಲ ಒಂದೇ ಗಂಟಾಗಿ ತೆಗೆದದ್ದನ್ನು ಅದರಲ್ಲಿ ವರದಿ ಮಾಡಿದ್ದರು. ಹೆಚ್ಚಿನವರದು ಗರ್ಭಕೊರಳಿನ ಕ್ಯಾನ್ಸರ್. 5 ಜನ ಶಸ್ತ್ರಚಿಕಿತ್ಸೆಯಿಂದಲೇ ತೀರಿಕೊಂಡರು. ಉಳಿದವರಿಗೆ ಮೂತ್ರನಾಳಗಳನ್ನು ದೊಡ್ಡಕರುಳಿಗೇ ಜೋಡಿಸಿದ್ದರಿಂದ ಮಲ, ಮೂತ್ರ ಎರಡೂ ಹೊಟ್ಟೆಯ ಮೇಲೆ ಮಾಡಿದ ಒಂದೇ ತೂತಿನಿಂದ ಹೊರಬರುತ್ತಿದ್ದವು. ಸೋಂಕು ಕಿಡ್ನಿಗೆ ಏರುತ್ತಿತ್ತು. ಇದು ಚಿಕಿತ್ಸೆಯೋ ಶಿಕ್ಷೆಯೋ ಎಂದು ಓದುವಾಗ ಅನ್ನಿಸಿದ್ದುಂಟು. 1950ರಲ್ಲಿ ಸೇಂಟ್ ಲೂಯಿಸ್‌ನ ಯೂಜೀನ್ ಬ್ರಿಕರ್ ಸಣ್ಣಕರುಳಿನ ತುಂಡೊಂದರಿಂದ ಮೂತ್ರಕ್ಕೆ ಬೇರೆಯದೇ ದಾರಿ ಮಾಡಿಕೊಟ್ಟರು. ಹೆಸರು ಬ್ರನ್ಸ್‌ವಿಗ್ ಅವರದೇ ದೊಡ್ಡದು. ನನ್ನ ಮಟ್ಟಿಗೆ, ಬದುಕಿ ಉಳಿದವರ ದಿನಗಳನ್ನು ಸಹನೀಯವಾಗಿಸಿದವರು ಬ್ರಿಕರ್.

ದೊಡ್ಡಪ್ಪನ ಪ್ರಕರಣದಲ್ಲಿ ಅಷ್ಟೊಂದು ತೆಗೆಯಬೇಕಾಗಿರಲಿಲ್ಲ. ಆದರೆ ಅಂಟಿಕೊಂಡದ್ದನ್ನು ಬಿಡಿಸದೆ ಒಟ್ಟಿಗೆ ತೆಗೆಯಬೇಕೆಂಬ ನಿಯಮ ಅದೇ. ಕರುಳಿನ ಗೆಡ್ಡೆ ಪಕ್ಕದ ಅಂಗಕ್ಕೆ ಅಂಟಿದಾಗ, ಹೆಚ್ಚುಕಡಿಮೆ ಅರ್ಧದಷ್ಟು ಸಲ ಆ ಅಂಟು ಕ್ಯಾನ್ಸರಿನದು, ಇನ್ನರ್ಧ ಸಲ ಬರೀ ಉರಿಯೂತದ್ದು. ಕೈಯಿಂದ ಮುಟ್ಟಿದರೆ ಎರಡೂ ಒಂದೇ ತೆರನಾದ ಗಟ್ಟಿ. ಸ್ಕ್ಯಾನ್ ಕೂಡ ಖಚಿತವಾಗಿ ಹೇಳುವುದಿಲ್ಲ. ಬಿಡಿಸಿ ನೋಡೋಣವೆಂದರೆ, ಅದು ಕ್ಯಾನ್ಸರೇ ಆಗಿದ್ದಲ್ಲಿ ಗೆಡ್ಡೆ ಹರಿದು ಜೀವಕೋಶಗಳು ಹೊಟ್ಟೆಯೊಳಗೇ ಉಳಿಯುತ್ತವೆ, ಕಾಯಿಲೆ ಮರಳುತ್ತದೆ. ಖಚಿತ ಉತ್ತರ ಸಿಗುವುದು ಸೂಕ್ಷ್ಮದರ್ಶಕದ ಕೆಳಗೆ, ಎಲ್ಲ ಕತ್ತರಿಸಿ ಆದ ಮೇಲೆ.

ಇದನ್ನೆಲ್ಲ ದೊಡ್ಡಮ್ಮನಿಗೆ ಹೇಳಲು ಅರ್ಧ ಗಂಟೆ ಹಿಡಿಯಿತು. “ಅಂದ್ರೆ ಕುಯ್ಯೋವಾಗ ಡಾಕ್ಟ್ರಿಗೂ ಗೊತ್ತಿರ್ಲಿಲ್ವಾ?” ಎಂದು ಕೇಳಿದರು.

“ಇಲ್ಲ ದೊಡ್ಡಮ್ಮ.”

ಸ್ವಲ್ಪ ಹೊತ್ತು ಸುಮ್ಮನಿದ್ದರು. ಮೂತ್ರಕೋಶ ಕಿರಿದಾದ ಮೇಲೆ ದೊಡ್ಡಪ್ಪ ರಾತ್ರಿ ನಾಲ್ಕೈದು ಸಲ ಏಳುತ್ತಾರೆ. ಪ್ರತಿ ಸಲವೂ ದೀಪ ಹಾಕುವವರು ದೊಡ್ಡಮ್ಮ. ರಿಪೋರ್ಟನ್ನು ಮಡಿಸಿ ಎಲ್‌ಐಸಿ ಕಾಗದಗಳ ಫೈಲಿಗೆ ಸೇರಿಸಿದರು.