ಅನುಭವಿಸಿದ ಶಿಕ್ಷೆಯ ಲೆಕ್ಕ

ಫಲವಿತ್ತ ಕರ್ಮವು ಆತ್ಮನಿಂದ ಕಳಚಿಹೋಗುತ್ತದೆ. ಒಮ್ಮೆ ಉಂಡು ತೀರಿದ್ದನ್ನು ಜೀವನು ಮತ್ತೊಮ್ಮೆ ಉಣ್ಣಬೇಕಾಗಿಲ್ಲ. ಉಮಾಸ್ವಾತಿ ಆಚಾರ್ಯರು ತತ್ತ್ವಾರ್ಥಸೂತ್ರದ ಎಂಟನೆಯ ಅಧ್ಯಾಯದಲ್ಲಿ ವಿಪಾಕದ ಬೆನ್ನಿಗೇ ನಿರ್ಜರೆಯನ್ನು ಹೇಳಿರುವುದರ ತಾತ್ಪರ್ಯವಿದು. ಕರ್ಮದ ಲೆಕ್ಕದಲ್ಲಿ ತಪ್ಪು ನುಸುಳದು. ಮನುಷ್ಯರು ವಿಧಿಸುವ ದಂಡದ ಲೆಕ್ಕವಾದರೋ ಹಾಗಲ್ಲ. ಅಮೆರಿಕ ದೇಶದ ಒಂದು ಪ್ರಸಂಗವು ಇದಕ್ಕೆ ನಿದರ್ಶನವಾಗಿದೆ.

1962ರಲ್ಲಿ ಅಲಬಾಮಾ ರಾಜ್ಯದ ಒಬ್ಬ ವ್ಯಕ್ತಿ ಕನ್ನಗಳವಿನ ನಾಲ್ಕು ಆರೋಪಗಳನ್ನು ಒಪ್ಪಿಕೊಂಡನು. ಅವನಿಗೆ ಒಟ್ಟು 10 ವರ್ಷಗಳ ಸೆರೆವಾಸ ವಿಧಿಸಲಾಯಿತು. ಎರಡೂವರೆ ವರ್ಷ ಸೆರೆಯಲ್ಲಿ ಕಳೆದ ಮೇಲೆ, ವಕೀಲರ ನೆರವು ಪಡೆಯುವ ಹಕ್ಕು ಅವನಿಗೆ ದೊರೆತಿರಲಿಲ್ಲವೆಂಬ ಕಾರಣದಿಂದ ಆ ತೀರ್ಪುಗಳು ರದ್ದಾದವು. ಮೂರು ಆರೋಪಗಳ ಮೇಲೆ ಮರುವಿಚಾರಣೆ ನಡೆಯಿತು. ಈ ಸಲ ವಿಧಿಸಿದ ಶಿಕ್ಷೆ ಒಟ್ಟು 25 ವರ್ಷ! ಕಳೆದುಹೋದ ಎರಡೂವರೆ ವರ್ಷಗಳನ್ನು ಲೆಕ್ಕಕ್ಕೇ ಹಿಡಿಯಲಿಲ್ಲ.

ಹಳೆಯ ತೀರ್ಪು ಅಳಿಸಿಹೋದ ಮೇಲೆ ಅದರಡಿ ಅನುಭವಿಸಿದ ಶಿಕ್ಷೆಯೂ ಇಲ್ಲವಾದಂತೆಯೇ ಎಂಬುದು ಇಂತಹ ನಿಲುವಿನ ಹಿಂದಿನ ತರ್ಕ. ತೀರ್ಪನ್ನು ಕಾಗದದ ಮೇಲಿಂದ ಅಳಿಸಬಹುದು. ಸೆರೆಮನೆಯಲ್ಲಿ ಸವೆದ ಆಯುಷ್ಯವನ್ನು ಅಳಿಸುವುದು ಹೇಗೆ? ಒಂದು ಅಪರಾಧಕ್ಕೆ ಕಾನೂನಿನ ಗರಿಷ್ಠ ಶಿಕ್ಷೆ 10 ವರ್ಷವೆನ್ನೋಣ. ಮೂರು ವರ್ಷ ಕಳೆದವನಿಗೆ ಮತ್ತೆ ಪೂರ್ತಿ 10 ವರ್ಷ ವಿಧಿಸಿದರೆ, ಅವನು 13 ವರ್ಷ ಸೆರೆಯಲ್ಲಿದ್ದಂತಾಯಿತು.

ನಾರ್ತ್ ಕೆರೋಲಿನಾ ವಿರುದ್ಧ ಪಿಯರ್ಸ್ ಎಂಬ ಮೊಕದ್ದಮೆಯೊಡನೆ ಈ ಅಲಬಾಮಾ ಪ್ರಕರಣವೂ ಅಮೆರಿಕದ ಸುಪ್ರೀಂ ಕೋರ್ಟಿನ ಮುಂದೆ ಬಂದಿತು. 1969ರ ಜೂನ್ 23ರಂದು ನ್ಯಾಯಮೂರ್ತಿ ಪಾಟರ್ ಸ್ಟೀವರ್ಟ್ ಅವರು ನ್ಯಾಯಾಲಯದ ತೀರ್ಪನ್ನು ಬರೆದರು. ಒಂದೇ ಅಪರಾಧಕ್ಕೆ ಎರಡು ಬಾರಿ ದಂಡಿಸಬಾರದೆಂಬ ಸಂವಿಧಾನದ ಕಟ್ಟಳೆಯಂತೆ, ಅನುಭವಿಸಿದ ಕಾಲವನ್ನೆಲ್ಲ ಹೊಸ ಶಿಕ್ಷೆಯಿಂದ ಕಳೆಯಲೇಬೇಕೆಂದು ಅದು ವಿಧಿಸಿತು. ಮರುವಿಚಾರಣೆಯಲ್ಲಿ ನಿರ್ದೋಷಿಯಾದವನಿಗೆ ಆ ವರ್ಷಗಳನ್ನು ಹಿಂದಿರುಗಿಸುವ ದಾರಿಯಿಲ್ಲ. ದೋಷಿಯಾದವನಿಗೆ ಆ ದಾರಿಯುಂಟು, ಆದುದರಿಂದ ಹಿಂದಿರುಗಿಸಲೇಬೇಕು ಎಂಬುದು ಅದರ ಹೃದಯ. ಮೇಲ್ಮನವಿ ಸಲ್ಲಿಸಿದನೆಂಬ ಸೇಡಿನಿಂದ ಶಿಕ್ಷೆಯನ್ನು ಹೆಚ್ಚಿಸಕೂಡದೆಂದೂ ತೀರ್ಪು ಸಾರಿತು.

ನಮ್ಮ ದೇಶದಲ್ಲಿಯೂ ಇದಕ್ಕೆ ಸಮೀಪದ ವಿಧಿಯೊಂದಿದೆ. 1973ರ ದಂಡ ಪ್ರಕ್ರಿಯಾ ಸಂಹಿತೆಯ 428ನೆಯ ಕಲಮು, ತೀರ್ಪಿಗೆ ಮುನ್ನ ಬಂಧನದಲ್ಲಿದ್ದ ಅವಧಿಯನ್ನು ಶಿಕ್ಷೆಯಿಂದ ಕಳೆಯುವ ಏರ್ಪಾಡು ಮಾಡಿತು. 2024ರ ಜುಲೈ 1ರಿಂದ ಜಾರಿಗೆ ಬಂದ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯೂ ಅದನ್ನು ಉಳಿಸಿಕೊಂಡಿದೆ.

ಅಹಿಂಸಾಣುವ್ರತದ ಐದು ಅತಿಚಾರಗಳಲ್ಲಿ ಬಂಧವೂ ಒಂದು, ಅತಿಭಾರಾರೋಪಣವೂ ಒಂದು. ಎತ್ತಿನ ಬೆನ್ನ ಮೇಲೆ ಮಿತಿಮೀರಿ ಹೊರಿಸುವುದು ದೋಷವಾದರೆ, ಮನುಷ್ಯನ ಆಯುಷ್ಯದ ಮೇಲೆ ಸಲ್ಲದ ವರ್ಷಗಳನ್ನು ಹೊರಿಸುವುದು ದೋಷವಲ್ಲವೇ? ಅಪರಾಧಿಯೆಂಬ ಮಾತ್ರಕ್ಕೆ ಅವನು ದಯೆಯ ಎಲ್ಲೆಯಿಂದ ಹೊರಗಾಗುವುದಿಲ್ಲ.

ದಂಡಾಧಿಕಾರ ನ್ಯಾಯಾಲಯಗಳಿಗಷ್ಟೇ ಸೇರಿದುದಲ್ಲ. ಬಸದಿಯ ಆಡಳಿತ ಮಂಡಳಿಯು ಒಬ್ಬ ನೌಕರನನ್ನು ಅಮಾನತಿನಲ್ಲಿಟ್ಟು, ವಿಚಾರಣೆ ಕ್ರಮಬದ್ಧವಾಗಿರಲಿಲ್ಲವೆಂದು ಮರುವಿಚಾರಣೆ ನಡೆಸಿದರೆ, ಅವನು ಸಂಬಳವಿಲ್ಲದೆ ಕಳೆದ ತಿಂಗಳುಗಳನ್ನು ಮರೆಯಬಾರದು. ಮನೆಯಲ್ಲಿ ಮಗುವಿನ ತಪ್ಪನ್ನು ಎಣಿಸುವಾಗಲೂ ಇದೇ ನ್ಯಾಯ. ದಂಡಿಸುವ ಕೈಗೆ ಕಳೆಯುವ ಲೆಕ್ಕವೂ ತಿಳಿದಿರಬೇಕು.