ಮನೆಯೇ ಶಾಲೆಯಾದಾಗ: ಮಾಳದ ಲಕ್ಷ್ಮೀಬಾಯಿ, ಕಲ್ಯಾಣದ ಆನಂದಿಬಾಯಿ

ಮಕ್ಕಳನ್ನು ಶಾಲೆಗೆ ಕಳುಹಿಸದೆ ಮನೆಯಲ್ಲೇ ಓದಿಸುವ ಮಾತು ಈಗ ನಮ್ಮ ನಡುವೆಯೂ ಕೇಳಿಬರುತ್ತಿದೆ. ಶಾಲೆಯ ಶುಲ್ಕ, ವ್ಯಾನಿನ ಬಾಡಿಗೆ, ಟ್ಯೂಷನ್ ಎಲ್ಲವನ್ನೂ ಕೂಡಿಸಿ, ಮನೆಯಲ್ಲೇ ಕಲಿಸಿದರೆ ಎಷ್ಟು ಉಳಿದೀತು ಎಂದು ಲೆಕ್ಕ ಹಾಕುವ ತಾಯಂದಿರಿದ್ದಾರೆ. ನಮಗೆ ಇದು ಹೊಸ ವಿಚಾರ. ನೂರೈವತ್ತು ವರ್ಷಗಳ ಹಿಂದೆ ಹಾಗಿರಲಿಲ್ಲ. ಹುಡುಗಿಯೊಬ್ಬಳು ಅಕ್ಷರ ಕಲಿಯಬೇಕಾದರೆ ಹೆಚ್ಚಿನ ಮನೆಗಳಲ್ಲಿ ಇದ್ದದ್ದು ಅದೊಂದೇ ದಾರಿ. ಅಂಥ ಎರಡು ಮನೆಗಳ ಚರಿತ್ರೆಯನ್ನು ಇಲ್ಲಿ ನೆನೆಯೋಣ. ಒಂದು ನಮ್ಮಲ್ಲಿ ಹಲವರ ತವರಾದ ಕಾರ್ಕಳದ ಕಡೆಯದು. ಇನ್ನೊಂದು ನೌಪಾಡಾದಿಂದ ಲೋಕಲ್ ರೈಲು ಹಿಡಿದರೆ ಅರ್ಧ ಗಂಟೆಯ ದಾರಿಯಾದ ಕಲ್ಯಾಣದ್ದು.

ಕಾರ್ಕಳದ ಹತ್ತಿರದ ಮಾಳದವರು ಅನಂತ ಶಾಸ್ತ್ರಿ ಡೋಂಗ್ರೆ. ಸಂಸ್ಕೃತ ಓದಲು ಪುಣೆಗೆ ಹೋಗಿದ್ದಾಗ, ತಮ್ಮ ಗುರುಗಳು ಪೇಶ್ವೆ ಎರಡನೆಯ ಬಾಜಿರಾಯನ ರಾಣಿಗೆ ಪಾಠ ಹೇಳುವುದನ್ನು ಅವರು ಕಂಡರು. ರಾಣಿ ಓದಬಹುದಾದರೆ ತನ್ನ ಹೆಂಡತಿಯೂ ಓದಬಹುದಲ್ಲ ಎಂದುಕೊಂಡು ಊರಿಗೆ ಬಂದರು. ಮೊದಲ ಹೆಂಡತಿಯ ವಿಷಯದಲ್ಲಿ ಅದು ಕೈಗೂಡಲಿಲ್ಲ. ಆಕೆ ತೀರಿಕೊಂಡ ಮೇಲೆ ಒಂಬತ್ತು ವರ್ಷದ ಲಕ್ಷ್ಮೀಬಾಯಿಯನ್ನು ಮದುವೆಯಾದರು. ಅವಳಿಗೆ ಸಂಸ್ಕೃತ ಕಲಿಸತೊಡಗಿದರು. ಹೆಂಗಸಿಗೆ ದೇವಭಾಷೆ ಕಲಿಸುತ್ತಾನೆಂಬ ದೂರಿಗೆ ಉಡುಪಿಯಲ್ಲಿ ಪಂಡಿತರ ಸಭೆಯ ಮುಂದೆ ನಿಂತು ಶಾಸ್ತ್ರಾಧಾರ ಕೊಟ್ಟು ಉತ್ತರ ಹೇಳಬೇಕಾಯಿತು. ಆಮೇಲೆ ಊರಿನ ಗದ್ದಲವೇ ಬೇಡವೆಂದು ಪಶ್ಚಿಮ ಘಟ್ಟದ ಗಂಗಾಮೂಲದ ಕಾಡಿನಲ್ಲಿ ಮನೆ ಕಟ್ಟಿದರು. ಅಲ್ಲಿ 1858ರ ಏಪ್ರಿಲ್ 23ರಂದು ಹುಟ್ಟಿದ ಮಗಳೇ ರಮಾ, ಮುಂದೆ ಪಂಡಿತಾ ರಮಾಬಾಯಿ.

ವಿದ್ಯಾರ್ಥಿಗಳಿಗೂ ಬಂದು ಹೋಗುವವರಿಗೂ ಅನ್ನ ಹಾಕಿ ಹಾಕಿ ಡೋಂಗ್ರೆಯವರ ಆಸ್ತಿ ಕರಗಿತು. ರಮಾ ಕೆಲವೇ ತಿಂಗಳ ಕೂಸಾಗಿದ್ದಾಗ, ಅವಳನ್ನು ಬುಟ್ಟಿಯಲ್ಲಿಟ್ಟು ಹೊತ್ತುಕೊಂಡು ಕುಟುಂಬ ತೀರ್ಥಯಾತ್ರೆಗೆ ಹೊರಟಿತು. ಅಲ್ಲಿಂದ ಮುಂದೆ ಅವರಿಗೆ ನೆಲೆಯಿಲ್ಲ. ದೇವಸ್ಥಾನಗಳಲ್ಲಿ, ನದಿಯ ಘಟ್ಟಗಳಲ್ಲಿ ಪುರಾಣ ಓದುವುದು, ಜನ ಕೊಟ್ಟದ್ದರಲ್ಲಿ ಬದುಕುವುದು.

ಇಂಥ ಮನೆಯಿಲ್ಲದ ಸಂಸಾರದಲ್ಲಿ ಮಗಳ ವಿದ್ಯೆ ನಡೆಯಿತು. ತಂದೆಗೆ ವಯಸ್ಸಾಗಿತ್ತು. ರಮಾಗೆ ಎಂಟು ತುಂಬುವ ಹೊತ್ತಿಗೆ ಪಾಠ ಹೇಳುವ ಕೆಲಸ ತಾಯಿಯ ಪಾಲಿಗೆ ಬಂತು. ಸುಮಾರು ಹದಿನೈದು ವರ್ಷದವರೆಗೂ ನಡೆಯಿತು. ಹಗಲೆಲ್ಲ ಮನೆಗೆಲಸ. ಹಾಗಾಗಿ ಲಕ್ಷ್ಮೀಬಾಯಿ ಪಾಠಕ್ಕೆ ಇಟ್ಟುಕೊಂಡ ಹೊತ್ತು ಬೆಳಗಿನ ಜಾವ. ನಿದ್ದೆಗಣ್ಣಿನ ಮಗಳನ್ನು ಮುದ್ದು ಮಾಡಿ ಎಬ್ಬಿಸಿ, ಶ್ಲೋಕ ಹೇಳಿಕೊಡುವುದು, ಮತ್ತೆ ಹೇಳಿಸುವುದು. ಎಲ್ಲವೂ ಬಾಯಿಪಾಠ. ಹೀಗೆ ಕಲಿತ ಹುಡುಗಿಗೆ ಭಾಗವತದ ಸಾವಿರಾರು ಶ್ಲೋಕಗಳು ಕಂಠಸ್ಥವಾದವು. ಊರೂರು ಅಲೆದದ್ದರಿಂದ ಮರಾಠಿಯ ಜೊತೆಗೆ ಕನ್ನಡ, ಹಿಂದೂಸ್ತಾನಿ ಬಂದವು. ಬಂಗಾಲಿ ಆಮೇಲೆ ಸೇರಿತು.

ಈ ಮನೆಪಾಠಕ್ಕೆ ಒಂದು ಕೊರತೆಯೂ ಇತ್ತು, ಅದನ್ನು ರಮಾಬಾಯಿಯವರೇ ಮುಂದೆ ಮುಚ್ಚುಮರೆಯಿಲ್ಲದೆ ಬರೆದರು. ಮಕ್ಕಳಿಗೆ ಧರ್ಮಗ್ರಂಥಗಳ ಹೊರತು ಬೇರೆ ಲೋಕವೇ ಗೊತ್ತಿರಲಿಲ್ಲ. 1870ರ ದಶಕದ ಬರಗಾಲದಲ್ಲಿ ತಂದೆ, ತಾಯಿ, ಅಕ್ಕ ಒಬ್ಬರ ಹಿಂದೊಬ್ಬರಂತೆ ಹಸಿವಿನಿಂದ ಸೊರಗಿ ತೀರಿಕೊಂಡರು. ಅಷ್ಟು ಶ್ಲೋಕ ಬಲ್ಲ ಅಣ್ಣ ತಂಗಿಗೆ ಅನ್ನ ಸಂಪಾದಿಸುವ ಒಂದು ಕಸುಬೂ ತಿಳಿದಿರಲಿಲ್ಲ. ನಡೆದೂ ನಡೆದೂ 1878ರಲ್ಲಿ ಇಬ್ಬರೂ ಕಲ್ಕತ್ತೆ ತಲುಪಿದಾಗ, ಅಲ್ಲಿನ ವಿದ್ವಾಂಸರು ಆಕೆಯನ್ನು ಪರೀಕ್ಷಿಸಿ 'ಪಂಡಿತಾ', 'ಸರಸ್ವತಿ' ಎಂಬ ಬಿರುದು ಕೊಟ್ಟರು. ತಾಯಿಯ ಬೆಳಗಿನ ಜಾವದ ಪಾಠಕ್ಕೆ ಸಿಕ್ಕ ಮನ್ನಣೆ ಅದು. ನೋಡಲು ತಾಯಿ ಉಳಿದಿರಲಿಲ್ಲ.

ಇನ್ನು ಕಲ್ಯಾಣಕ್ಕೆ ಬರೋಣ. ರೈಲು ಥಾಣೆಯನ್ನು ದಾಟಿ ಕಲ್ಯಾಣ ಮುಟ್ಟಿದ್ದು 1854ರಲ್ಲಿ. ಅದಾಗಿ ಹನ್ನೊಂದು ವರ್ಷಕ್ಕೆ, 1865ರ ಮಾರ್ಚ್ 31ರಂದು, ಕಲ್ಯಾಣದ ಜೋಶಿ ಮನೆತನದಲ್ಲಿ ಯಮುನಾ ಹುಟ್ಟಿದಳು. ಒಂಬತ್ತನೆಯ ವರ್ಷಕ್ಕೆ, ತನಗಿಂತ ಸುಮಾರು ಇಪ್ಪತ್ತು ವರ್ಷ ದೊಡ್ಡವನಾದ ವಿಧುರ ಗೋಪಾಲರಾವ್ ಜೋಶಿಯವರೊಂದಿಗೆ ಮದುವೆಯಾಗಿ ಆನಂದಿಬಾಯಿ ಎನಿಸಿಕೊಂಡಳು. ಗೋಪಾಲರಾವ್ ಅಂಚೆ ಇಲಾಖೆಯ ಗುಮಾಸ್ತರು. ಸಂಬಳ ಅಷ್ಟಕ್ಕಷ್ಟೆ, ವರ್ಗಾವಣೆ ಮೇಲಿಂದ ಮೇಲೆ. ಹೆಂಡತಿ ಓದಲೇಬೇಕೆಂಬ ಹಟ ಮಾತ್ರ ಅವರದು.

ಆ ಹಟದ ಇನ್ನೊಂದು ಮುಖವನ್ನು ಮರೆಯುವಂತಿಲ್ಲ. ಓದು ಬಿಟ್ಟು ಅಡುಗೆಗೆ ಕೈಹಾಕಿದ್ದಕ್ಕೆ ಗಂಡನ ಏಟು ತಿಂದ ಹುಡುಗಿ ಆಕೆ. ಅಮೆರಿಕದಿಂದ ಗಂಡನಿಗೆ ಬರೆದ ಪತ್ರದಲ್ಲಿ ಬಾಲ್ಯದಲ್ಲಿ ತಿಂದ ಪೆಟ್ಟುಗಳನ್ನು ಆಕೆ ನೆನಪಿಸಿದ್ದುಂಟು. ಹದಿನಾಲ್ಕನೆಯ ವಯಸ್ಸಿಗೆ ಹೆತ್ತ ಗಂಡುಮಗು ಹತ್ತೇ ದಿನ ಬದುಕಿತು. ತಕ್ಕ ವೈದ್ಯಕೀಯ ನೆರವು ಸಿಗದ ಆ ಸಾವೇ ತಾನು ವೈದ್ಯೆಯಾಗಬೇಕೆಂಬ ನಿರ್ಧಾರಕ್ಕೆ ಕಾರಣವಾಯಿತು. ಅಲ್ಲಿಂದಾಚೆಗಿನ ಓದು ಗಂಡನ ಹಟವಾಗಿ ಉಳಿಯಲಿಲ್ಲ, ಆಕೆಯದೇ ಆಯಿತು. 1883ರಲ್ಲಿ ಕಲ್ಕತ್ತೆಯಿಂದ ಹಡಗು ಹತ್ತಿದ ಆನಂದಿಬಾಯಿ, ಫಿಲಡೆಲ್ಫಿಯಾದ ಮಹಿಳಾ ವೈದ್ಯಕೀಯ ಕಾಲೇಜಿನಿಂದ 1886ರ ಮಾರ್ಚ್ 11ರಂದು ಎಂ.ಡಿ. ಪದವಿ ಪಡೆದರು.

ಆ ಪದವಿ ಪ್ರದಾನದ ಸಭೆಯಲ್ಲಿ ಪಂಡಿತಾ ರಮಾಬಾಯಿಯೂ ಕುಳಿತಿದ್ದರು. ಇಬ್ಬರೂ ದೂರದ ಸಂಬಂಧಿಗಳು. ಇಬ್ಬರಿಗೂ ಅಕ್ಷರ ಸಿಕ್ಕಿದ್ದು ಮನೆಯಲ್ಲಿ. ಕೊಲ್ಹಾಪುರದ ಆಸ್ಪತ್ರೆಯಲ್ಲಿ ಹೆಂಗಸರ ವಿಭಾಗದ ಹೊಣೆ ಆನಂದಿಬಾಯಿಗಾಗಿ ಕಾದಿತ್ತು. ಆದರೆ ಕ್ಷಯ ಬಿಡಲಿಲ್ಲ. 1887ರ ಫೆಬ್ರವರಿ 26ರಂದು, ಇಪ್ಪತ್ತೆರಡು ತುಂಬುವ ಮುನ್ನವೇ, ಪುಣೆಯಲ್ಲಿ ತೀರಿಕೊಂಡರು. ಅದೇ ವರ್ಷ ರಮಾಬಾಯಿಯವರ 'ದಿ ಹೈ ಕಾಸ್ಟ್ ಹಿಂದೂ ವುಮನ್' ಅಮೆರಿಕದಲ್ಲಿ ಪ್ರಕಟವಾಯಿತು. ಅರ್ಪಣೆ ತಾಯಿ ಲಕ್ಷ್ಮೀಬಾಯಿಯ ನೆನಪಿಗೆ. ಅದರ ಬೆನ್ನಿಗೇ 1889ರಲ್ಲಿ ಮುಂಬಯಿಯಲ್ಲಿ ವಿಧವೆಯರಿಗಾಗಿ ಶಾರದಾ ಸದನ ತೆರೆಯಿತು. ತಮಗೆ ಸಿಗದ ಕಸುಬಿನ ಶಿಕ್ಷಣವನ್ನು ರಮಾಬಾಯಿ ತಮ್ಮ ಸಂಸ್ಥೆಗಳ ಹೆಣ್ಣುಮಕ್ಕಳಿಗೆ ಕೊಡಿಸಿದರು.

ಕನ್ನಡದಲ್ಲೂ ಇಂಥದೇ ಒಂದು ಮನೆಯಿತ್ತು. ಆನಂದಿಬಾಯಿ ತೀರಿಕೊಂಡ 1887ರಲ್ಲೇ ಹುಟ್ಟಿದ ನಂಜನಗೂಡು ತಿರುಮಲಾಂಬ ಬಾಲವಿಧವೆ. ತಂದೆ ಮನೆಯಲ್ಲೇ ಓದಿಸಿದರು. 1913ರಲ್ಲಿ 'ಸತೀಹಿತೈಷಿಣೀ' ಗ್ರಂಥಮಾಲೆ ಆರಂಭಿಸಿ, ಬರೆದು, ಪ್ರಕಟಿಸಿ, ಇತರ ಹೆಂಗಸರ ಪುಸ್ತಕಗಳನ್ನೂ ಬೆಳಕಿಗೆ ತಂದರು.

ಈ ಚರಿತ್ರೆಯಲ್ಲಿ ನಮಗೆ ಕಾಣುವುದೇನು? ಮನೆಪಾಠಕ್ಕೆ ಹಣ ಕಡಿಮೆ ಸಾಕು, ನಿಜ. ಆದರೆ ಅದು ಒಬ್ಬರ ಸಮಯವನ್ನು ಕೇಳುತ್ತದೆ. ಆ ಸಮಯ ಹೆಚ್ಚಾಗಿ ತಾಯಿಯ ನಿದ್ದೆಯಿಂದಲೇ ಕಡಿತವಾಗುತ್ತದೆ. ಖರ್ಚಿನ ಪಟ್ಟಿಯಲ್ಲಿ ಅದನ್ನು ಬರೆಯದೆ 'ಉಳಿತಾಯ' ಎಂದರೆ ಲೆಕ್ಕ ತಪ್ಪುತ್ತದೆ. ಪ್ರೀತಿಯಿಂದ ಎಬ್ಬಿಸಿ ಕಲಿಸುವುದಕ್ಕೂ ಹೊಡೆದು ಕಲಿಸುವುದಕ್ಕೂ ಇರುವ ಅಂತರವನ್ನು ಈ ಎರಡು ಮನೆಗಳು ತೋರಿಸುತ್ತವೆ. ಮತ್ತೊಂದು ಮಾತು: ಮನೆ ಎಷ್ಟು ಕಲಿಸಿದರೂ ಹೊರಗೊಂದು ಬಾಗಿಲು ತೆರೆದಿರಬೇಕು. ಆನಂದಿಬಾಯಿಗೆ ಅದು ಕಾಲೇಜು, ರಮಾಬಾಯಿಗೆ ಕಲ್ಕತ್ತೆಯ ಸಭೆ. ಇಂದಿನ ಮಕ್ಕಳಿಗೆ, ಹದಿನಾಲ್ಕು ತುಂಬಿದ ಮೇಲೆ, ರಾಷ್ಟ್ರೀಯ ಮುಕ್ತ ಶಾಲಾ ಸಂಸ್ಥೆಯ ಹತ್ತನೆಯ ತರಗತಿಯ ಪರೀಕ್ಷೆ ಅಂಥ ಒಂದು ಬಾಗಿಲು. ಅದರಲ್ಲಿ ಕನ್ನಡವನ್ನೂ ಒಂದು ಭಾಷಾ ವಿಷಯವಾಗಿ ಆರಿಸಿಕೊಳ್ಳಬಹುದು.

ನಮ್ಮಲ್ಲಿ ಹೆಚ್ಚಿನವರು ಮಕ್ಕಳನ್ನು ಶಾಲೆಗೇ ಕಳುಹಿಸುತ್ತೇವೆ. ಆದರೂ ಥಾಣೆ, ಡೊಂಬಿವಲಿ, ಕಲ್ಯಾಣ, ನವಿ ಮುಂಬಯಿಯ ಕನ್ನಡದ ಮನೆಗಳಲ್ಲಿ ಒಂದು ವಿಷಯ ಮಾತ್ರ ಇಂದಿಗೂ ಮನೆಪಾಠವೇ. ಇಂಗ್ಲಿಷ್ ಮಾಧ್ಯಮದ ಶಾಲೆಯಲ್ಲಿ ಕನ್ನಡ ಸಿಗುವುದಿಲ್ಲ. ಅದನ್ನು ನಾವೇ ಕಲಿಸಬೇಕು. ಅದಕ್ಕೆ ಬೇಕಾದ್ದು ಒಂದು ಸ್ಲೇಟು, ಒಂದು ವರ್ಣಮಾಲೆಯ ಪುಸ್ತಕ, ದಿನಕ್ಕೆ ಅರ್ಧ ಗಂಟೆ. ಆ ಅರ್ಧ ಗಂಟೆಯನ್ನು ತಾಯಿಯೊಬ್ಬಳ ಹೆಗಲಿಗೇ ಹೊರಿಸದೆ ಅಪ್ಪ, ಅಜ್ಜ, ಅಜ್ಜಿಯರೂ ಹಂಚಿಕೊಂಡರೆ, ಲಕ್ಷ್ಮೀಬಾಯಿ ಒಬ್ಬರೇ ಹೊತ್ತದ್ದನ್ನು ನಾವು ಹಗುರವಾಗಿ ಹೊರಬಹುದು.