ಸ್ವರಲಿಪಿ ತಂತ್ರಾಂಶಗಳಲ್ಲಿ ಟ್ಯುಪ್ಲೆಟ್

ಟ್ಯುಪ್ಲೆಟ್ ಎಂಬುದು ಪಾಶ್ಚಾತ್ಯ ಸ್ವರಲಿಪಿಯಲ್ಲಿ ಒಂದು ನಿರ್ದಿಷ್ಟ ಕಾಲಾವಧಿಯನ್ನು ವಾಡಿಕೆಯ ವಿಭಾಗಕ್ಕಿಂತ ಭಿನ್ನವಾದ ಸಂಖ್ಯೆಯ ಸಮಭಾಗಗಳಾಗಿ ಒಡೆದು ಬರೆಯುವ ಕ್ರಮ. ಎರಡು ಸ್ವರಗಳ ಕಾಲದಲ್ಲಿ ಮೂರು ಸ್ವರಗಳನ್ನು ಕೂರಿಸುವುದು ಇದರ ಸರಳ ರೂಪ. ಕರ್ನಾಟಕ ಸಂಗೀತ ಮತ್ತು ಯಕ್ಷಗಾನವನ್ನು ಗಣಕದಲ್ಲಿ ಲಿಪಿಗೊಳಿಸುವವರಿಗೆ ಈ ಕ್ರಮ ಅಗತ್ಯವಾಗುತ್ತದೆ.

ಗತಿಭೇದ ಮತ್ತು ಅನುಪಾತ

ಕರ್ನಾಟಕ ಸಂಗೀತದಲ್ಲಿ ಒಂದು ಅಕ್ಷರಕಾಲವನ್ನು ಒಡೆಯುವ ಬಗೆಗೆ ಗತಿ ಅಥವಾ ನಡೆ ಎಂದು ಹೆಸರು. ತಿಶ್ರ (3), ಚತುರಶ್ರ (4), ಖಂಡ (5), ಮಿಶ್ರ (7) ಮತ್ತು ಸಂಕೀರ್ಣ (9) ಎಂದು ಗತಿಗಳು ಐದು. 8 ಅಕ್ಷರಗಳ ಆದಿತಾಳದ ಒಂದು ಆವರ್ತದಲ್ಲಿ ಚತುರಶ್ರ ಗತಿಗೆ 32, ಖಂಡ ಗತಿಗೆ 40, ಮಿಶ್ರ ಗತಿಗೆ 56 ಮಾತ್ರೆಗಳು ಬರುತ್ತವೆ. ಒಂದು ಅಕ್ಷರವನ್ನು ಕ್ವಾರ್ಟರ್ ನೋಟ್ ಎಂದು ಹಿಡಿದರೆ, ತಿಶ್ರವನ್ನು 3:2, ಖಂಡವನ್ನು 5:4, ಮಿಶ್ರವನ್ನು 7:4, ಸಂಕೀರ್ಣವನ್ನು 9:8 ಅನುಪಾತದ ಟ್ಯುಪ್ಲೆಟ್ ಆಗಿ ಬರೆಯಬಹುದು. ಚತುರಶ್ರಕ್ಕೆ ಟ್ಯುಪ್ಲೆಟ್ ಬೇಕಿಲ್ಲ.

ತಂತ್ರಾಂಶಗಳಲ್ಲಿ ಬರೆಯುವ ವಿಧಾನ

ಮ್ಯೂಸ್‌ಸ್ಕೋರ್‌ನಲ್ಲಿ ಮೊದಲು ಗುಂಪಿನ ಒಟ್ಟು ಅವಧಿಯನ್ನು ಆರಿಸಿ, ಬಳಿಕ ಕಂಟ್ರೋಲ್ ಕೀಲಿಯೊಡನೆ 3, 5, 7 ಅಥವಾ 9ನ್ನು ಒತ್ತಬೇಕು. ಬಿಡಿ ಸ್ವರದ ಅವಧಿಯನ್ನು ಆರಿಸಿದರೆ ಗುಂಪು ತಪ್ಪಾಗಿ ರೂಪುಗೊಳ್ಳುತ್ತದೆ. ಬೇರೆ ಅನುಪಾತಗಳನ್ನು ಟ್ಯುಪ್ಲೆಟ್ ಪಟ್ಟಿಯ ಮೂಲಕ ನೀಡಬಹುದು. ಲಿಲಿಪಾಂಡ್‌ನಲ್ಲಿ ಟ್ಯುಪ್ಲೆಟ್ ಆಜ್ಞೆಯ ಮುಂದೆ 5/4ರಂತಹ ಭಿನ್ನರಾಶಿಯನ್ನು ಬರೆದು, ಸ್ವರಗಳನ್ನು ಆವರಣಚಿಹ್ನೆಗಳ ನಡುವೆ ಇಡಲಾಗುತ್ತದೆ.

ಮಿಡಿ ಕಡತಗಳಲ್ಲಿ ಕಾಲವನ್ನು ಟಿಕ್‌ಗಳಲ್ಲಿ ಅಳೆಯುತ್ತಾರೆ. ಕ್ವಾರ್ಟರ್ ನೋಟ್‌ಗೆ 480 ಟಿಕ್ ಇಟ್ಟುಕೊಂಡರೆ ಅದು 3 ಮತ್ತು 5ರಿಂದ ನಿಶ್ಶೇಷವಾಗಿ ಭಾಗವಾಗುತ್ತದೆ, 7 ಮತ್ತು 9ರಿಂದ ಆಗುವುದಿಲ್ಲ. ಆದುದರಿಂದ ಮಿಶ್ರ ಮತ್ತು ಸಂಕೀರ್ಣ ಗತಿಗಳ ಸ್ವರಾವಧಿಗಳು ಸಮೀಪದ ಪೂರ್ಣಾಂಕಕ್ಕೆ ಸರಿಯುತ್ತವೆ. ಮ್ಯೂಸಿಕ್‌ಎಕ್ಸ್‌ಎಂಎಲ್ ಕಡತವು ಅನುಪಾತವನ್ನೇ ದಾಖಲಿಸುವುದರಿಂದ ಸಂಗ್ರಹಕ್ಕೆ ಹೆಚ್ಚು ಸೂಕ್ತ.

ಯಕ್ಷಗಾನದ ತಾಳಗಳು

ಶಿವಮೊಗ್ಗ ಜಿಲ್ಲೆಯ ಸಾಗರ, ಹೊಸನಗರ ಮತ್ತು ತೀರ್ಥಹಳ್ಳಿ ತಾಲ್ಲೂಕುಗಳಲ್ಲಿ ಪ್ರಚಲಿತವಿರುವ ಬಡಗುತಿಟ್ಟು ಯಕ್ಷಗಾನದ ಹಿಮ್ಮೇಳದಲ್ಲಿ ಭಾಗವತರು, ಮದ್ದಳೆ ಮತ್ತು ಚೆಂಡೆ ಇರುತ್ತವೆ. ಇದರ ಲಯಪಾಠವು ಮುಖ್ಯವಾಗಿ ಬಾಯಿತಾಳದ ಮೂಲಕ ಗುರುವಿನಿಂದ ಶಿಷ್ಯನಿಗೆ ಬಂದಿದೆ. ಇದನ್ನು ಲಿಪಿಗೆ ಇಳಿಸುವಾಗ ತಾಳದ ವಿಷಮ ಸಂಖ್ಯೆಯನ್ನೂ ಗತಿಯ ವಿಷಮ ವಿಭಾಗವನ್ನೂ ಒಂದೇ ಎಂದು ಭಾವಿಸುವ ದೋಷ ಉಂಟಾಗಬಹುದು.

ಉದಾಹರಣೆಗೆ ತ್ರಿವುಡೆ ತಾಳಕ್ಕೆ 7 ಅಕ್ಷರಗಳು. ಇವು ತಾಳದ ಪೂರ್ಣ ಎಣಿಕೆಗಳೇ ಹೊರತು ಒಂದು ಎಣಿಕೆಯ ಏಳು ತುಂಡುಗಳಲ್ಲ. ಅದನ್ನು 4/4 ಅಳತೆಯೊಳಗೆ ಏಳರ ಟ್ಯುಪ್ಲೆಟ್ ಆಗಿ ಬರೆದರೆ ನಾಲ್ಕು ಪೆಟ್ಟುಗಳಲ್ಲಿ ಮೊದಲನೆಯದು ಮಾತ್ರ ಅಕ್ಷರದ ಆರಂಭಕ್ಕೆ ಕೂಡುತ್ತದೆ; ಉಳಿದ ಮೂರೂ ಅಕ್ಷರಗಳ ನಡುವೆ ಬೀಳುತ್ತವೆ. ಓದಿ ಕಲಿಯುವವರು ತಾಳವನ್ನೇ ತಪ್ಪಾಗಿ ಹಾಕುವ ಸಂಭವವಿದೆ. ಆದ್ದರಿಂದ ತ್ರಿವುಡೆಗೆ 7/8 ಅಳತೆಯನ್ನು ಇಟ್ಟು, ಒಳಗಿನ ಗುಂಪನ್ನು 3+2+2 ಎಂದು ತೋರಿಸುವುದು ಉಚಿತ. ಒಂದೇ ಅಕ್ಷರದೊಳಗೆ ನುಡಿತವು ಮೂರಾಗಿ ಅಥವಾ ಐದಾಗಿ ಒಡೆದಾಗ ಮಾತ್ರ ಟ್ಯುಪ್ಲೆಟ್ ಬಳಸಬೇಕು.

ಮಿತಿಗಳು

ಭಾಗವತರು ಸನ್ನಿವೇಶಕ್ಕೆ ತಕ್ಕಂತೆ ಪದವನ್ನು ಎಳೆಯುವುದು, ಕುಣಿತಕ್ಕೆ ಅನುಗುಣವಾಗಿ ಕಾಲ ಏರುವುದು ಮೊದಲಾದವು ನಿಶ್ಚಿತ ಅನುಪಾತಗಳಿಗೆ ಒಗ್ಗುವುದಿಲ್ಲ. ಇಂತಹ ಕಡೆ ಧ್ವನಿಮುದ್ರಣವನ್ನು ಲಿಪಿಯ ಜೊತೆಗೆ ಇರಿಸುವುದು ಅಗತ್ಯ.